ನೂರನೆಯ ಆಟಕ್ಕೆ ಅತ್ತೆ ಕೂತರು

ಅತ್ತೆ: ನಾನು ಕೈ ಬಿಟ್ಟಿರ್ಲಿಲ್ಲ ಅಳಿಯಂದಿರೇ! ಕೈ ಇನ್ನೂ ಮೌಸ್ ಮೇಲೇ ಇತ್ತು!

ಅಳಿಯ: ಮೌಸ್ ಮೇಲೆ ಕೈ ಯಾವಾಗ್ಲೂ ಇರುತ್ತೆ ಅತ್ತೆ. ಇಲ್ದಿದ್ರೆ ಕಾಯಿ ನಡೆಯೋದೇ ಇಲ್ಲ.

ಅತ್ತೆ: ಅಂದ್ಮೇಲೆ ಆಟ ಮುಗಿಯೋವರೆಗೂ ನಾನು ಕೈ ಬಿಟ್ಟಿಲ್ಲ ಅಂತಾನೇ ಅರ್ಥ. ಆ ಕಾಯಿ ಹಿಂದಕ್ಕೆ ಕೊಡಿ.

ಅಳಿಯ ಹಣೆ ಒತ್ತಿಕೊಂಡ. ಅವನು ಕಂಪ್ಯೂಟರ್ ವಿಜ್ಞಾನಿ. ಎದುರಾಳಿಯ ಕಾಯಿಯನ್ನು ಹಾರಿ ನುಂಗುವ ಪಟದಾಟವೊಂದಕ್ಕೆ ಮೂರು ವರ್ಷ ಒದ್ದಾಡಿ ಪ್ರೋಗ್ರಾಂ ಬರೆದಿದ್ದ. ಮುಂದೆ ಬರಬಹುದಾದ ನಡೆಗಳನ್ನೆಲ್ಲ ಜಾಲಾಡಿ, ಇದ್ದುದರಲ್ಲಿ ಒಳ್ಳೆಯದನ್ನು ಹುಡುಕಿ ತೆಗೆಯುವುದು ಅದರ ಕೆಲಸ. ಮನುಷ್ಯರ ಎದುರು ನೂರು ಆಟ ಆಡಿಸಿ, ಪ್ರಬಂಧವನ್ನು ಅವತ್ತು ಸಂಜೆ ಐದರೊಳಗೆ ಸಮ್ಮೇಳನಕ್ಕೆ ಕಳಿಸಬೇಕಿತ್ತು. ತೊಂಬತ್ತೊಂಬತ್ತು ಆಟ ಯಂತ್ರವೇ ಗೆದ್ದಿತ್ತು. ನೂರನೆಯ ಆಟಕ್ಕೆ ಬರಬೇಕಿದ್ದ ಗೆಳೆಯ ಹಲ್ಲುನೋವೆಂದು ಕೈಕೊಟ್ಟ. ಹಿಂದಿನ ದಿನವಷ್ಟೇ ಬಂದಿಳಿದಿದ್ದ ಅತ್ತೆ ಊಟದ ಮೇಜಿನ ಮುಂದೆ ಸುಮ್ಮನೆ ಕೂತಿದ್ದರು. ಬುದ್ಧಿ ಕೆಟ್ಟು ಅವರನ್ನೇ ಕರೆದಿದ್ದ.

ಅತ್ತೆ ಮೂವತ್ತೊಂದು ವರ್ಷ ರೈಲಿನಲ್ಲಿ ಟಿಕೆಟ್ ಪರೀಕ್ಷಿಸಿ ನಿವೃತ್ತರಾದವರು. ವಾದದಲ್ಲಿ ಅವರ ಕೈಯಿಂದ ತಪ್ಪಿಸಿಕೊಂಡವರು ಕಡಿಮೆ.

ಅಳಿಯ: ನಿಯಮದ ಪ್ರಕಾರ ಇಟ್ಟ ಕಾಯಿ ಹಿಂದಕ್ಕೆ ತಗೊಳ್ಳೋ ಹಾಗಿಲ್ಲ ಅತ್ತೆ.

ಅತ್ತೆ: ಹೌದಾ? ಈಗ ಅದು ಗುರ್ರ್ ಅಂತ ಯೋಚನೆ ಮಾಡ್ತಲ್ಲ, ಏನ್ ಮಾಡ್ತಿತ್ತು?

ಅಳಿಯ: ಒಂದು ಕಾಯಿ ಇಟ್ಟು ನೋಡುತ್ತೆ. ಸರಿಹೋಗ್ಲಿಲ್ಲ ಅಂದ್ರೆ ಹಿಂದಕ್ಕೆ ತಗೊಂಡು ಇನ್ನೊಂದು ಇಟ್ಟು ನೋಡುತ್ತೆ. ಎಲ್ಲಾ ಒಳಗೊಳಗೇ.

ಅತ್ತೆ: ಹಾಗೆ ಎಷ್ಟು ಸಲ?

ಅಳಿಯ: (ಹೆಮ್ಮೆಯಿಂದ) ಒಂದು ನಡೆಗೆ ಸುಮಾರು ನಲವತ್ತು ಲಕ್ಷ ಸಲ!

ಅತ್ತೆ: ಅದು ನಲವತ್ತು ಲಕ್ಷ ಸಲ ಹಿಂದಕ್ಕೆ ತಗೋಬಹುದು. ಹೆಣ್ಣು ಕೊಟ್ಟ ಅತ್ತೆ ಒಂದೇ ಒಂದು ಸಲ ತಗೋಬಾರ್ದು. ಅಲ್ವಾ?

ಅಳಿಯ ಜಾಣತನ ತೋರಿಸಲು ಹೋಗಿ ಇನ್ನಷ್ಟು ಕೆಡಿಸಿಕೊಂಡ.

ಅಳಿಯ: ಹಾಗಲ್ಲ ಅತ್ತೆ. ಇದು ಒಂದು ಮರ ಇದ್ದ ಹಾಗೆ. ಒಂದೊಂದು ನಡೆ ಒಂದೊಂದು ಕೊಂಬೆ. ಪ್ರಯೋಜನ ಇಲ್ಲದ ಕೊಂಬೆನ ಅದು ಸವರಿ ಹಾಕಿಬಿಡುತ್ತೆ.

ಅತ್ತೆ: ನಾನೀಗ ಇಟ್ಟೆನಲ್ಲ, ಆ ಕೊಂಬೆ?

ಅಳಿಯ: ಅದು... ಮೊದಲೇ ಸವರಿದ್ದು. ಇಂಥ ನಡೆ ಯಾರೂ ಇಡೋದಿಲ್ಲ ಅಂತ ಅದನ್ನ ಪೂರ್ತಿ ನೋಡೋಕೇ ಹೋಗಿರ್ಲಿಲ್ಲ.

ಅತ್ತೆ: ಯಾರೂ ಇಡೋದಿಲ್ಲ. ನಾನು ಇಟ್ಟೆ. ಅಂದ್ರೆ ನಾನು ಯಾರೂ ಅಲ್ಲ!

ಪಕ್ಕದ ಕೋಣೆಯಲ್ಲಿ ಇಸ್ತ್ರಿ ಹಾಕುತ್ತಿದ್ದ ಮಗಳು ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದಳು.

ಮಗಳು: ರೀ, ಅಮ್ಮನ್ನ ಯಾರೂ ಅಲ್ಲ ಅಂದ್ರಾ?

ಅಳಿಯ: ನಾನೆಲ್ಲಿ ಅಂದೆ? ಪ್ರೋಗ್ರಾಂ ಅಂದಿದ್ದು!

ಮಗಳು: ಬರೆದೋರು ಯಾರು?

ಅತ್ತೆ: ಬಿಡಮ್ಮ, ನಾನೇ ಒಣಕೊಂಬೆ. ಎದ್ದು ಹೋಗ್ತೀನಿ. ಆಟ ಅರ್ಧಕ್ಕೇ ನಿಲ್ಲಲಿ.

ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ಅಳಿಯ ಗಾಬರಿಯಿಂದ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಅದು ಅತ್ತೆ ಕೂತಿದ್ದ ಕುರ್ಚಿ.

ಅಳಿಯ: ಕೂತ್ಕೊಳ್ಳಿ, ದಮ್ಮಯ್ಯ! ಒಂದೇ ಸಲ. ಪ್ರೋಗ್ರಾಂ ಒಳಗೊಳಗೇ ಹೇಗೆ ಹಿಂದಕ್ಕೆ ತಗೊಳ್ಳುತ್ತೋ, ಅದೇ ದಾರೀಲಿ ನಿಮ್ಮದನ್ನೂ ತೆಗೀತೀನಿ.

ಅವನು ಎರಡು ಗುಂಡಿ ಒತ್ತಿದ. ಎರಡು ಕಾಯಿಗಳನ್ನು ಯಂತ್ರದ ಬಾಯಿಗೆ ಬಿಟ್ಟು, ಪಟದ ಕೊನೆಯ ಸಾಲು ಮುಟ್ಟಿ, ಹೆಚ್ಚು ಬಲ ಕೊಡುವ ಕಿರೀಟ ಗಿಟ್ಟಿಸಿದ್ದ ಅತ್ತೆಯ ಕಾಯಿ ಒಂದು ಮನೆ ಹಿಂದಕ್ಕೆ ಬಂದು ನಿಂತಿತು. ಅತ್ತೆ ಕನ್ನಡಕ ಸರಿಮಾಡಿಕೊಂಡರು.

ಅತ್ತೆ: ಕೊನೇ ಸಾಲು ಮುಟ್ಟಿದ್ಮೇಲೆ ತಾನೇ ಕಿರೀಟ ಬರೋದು?

ಅಳಿಯ: ಹೌದು.

ಅತ್ತೆ: ಇದು ಈಗ ಕೊನೇ ಸಾಲಲ್ಲಿಲ್ಲ. ತಲೆ ಮೇಲೆ ಕಿರೀಟ ಹಾಗೇ ಇದೆ. ಟಿಕೆಟ್ ಇಲ್ದೆ ಮೊದಲನೇ ದರ್ಜೇಲಿ ಕೂತಿದೆ ನೋಡಿ!

ಅಳಿಯ ನೋಡಿದ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಕಾಯಿಯನ್ನು ಹಿಂದಕ್ಕೆ ತೆಗೆಯುವಾಗ ಕಿರೀಟ ಕಳಚಬೇಕೆಂದು ಅವನು ಬರೆದೇ ಇರಲಿಲ್ಲ.

ಮಗಳು: ಏನಾಯ್ತು? ಯಾಕೆ ಹೀಗೆ ಬಿಳುಚಿಕೊಂಡ್ರಿ?

ಅಳಿಯ: ಮೂರು ವರ್ಷದಿಂದ ಇದು ಸಿಕ್ಕಸಿಕ್ಕ ಕಾಯಿಗೆಲ್ಲಾ ಕಿರೀಟ ಇದೆ ಅಂದ್ಕೊಂಡು ಆಡ್ತಿದೆ ಕಣೇ. ಇದು ಹುಡುಕಿದ್ದೆಲ್ಲಾ ತಪ್ಪು.

ಮಗಳು: ತಪ್ಪು ಹುಡುಕಿಯೂ ಗೆಲ್ತಲ್ಲ, ಬುದ್ಧಿವಂತ ಯಂತ್ರ! ಕಳಿಸಿಬಿಡಿ. ಯಾರಿಗೆ ಗೊತ್ತಾಗುತ್ತೆ?

ಅಳಿಯನ ಬೆರಳು ಕಳಿಸುವ ಗುಂಡಿಯ ಮೇಲೆ ಹೋಗಿ ನಿಂತಿತು. ಅತ್ತೆ ಕನ್ನಡಕದ ಮೇಲಿಂದ ಅವನನ್ನೇ ನೋಡುತ್ತಿದ್ದರು. ಅವನು ಬೆರಳು ತೆಗೆದ.

ಅಳಿಯ: ಬೇಡ. ಪ್ರಬಂಧದಲ್ಲಿ ಬರೆದಿರೋದು ಒಂದು, ಇದು ಮಾಡ್ತಿರೋದು ಇನ್ನೊಂದು. ಮುಂದಿನ ಸಲ ನೋಡೋಣ.

ಅತ್ತೆ: (ಮೆಲ್ಲಗೆ) ನನ್ನ ಸರ್ವೀಸಿನಲ್ಲಿ ತಾನಾಗೇ ಬಂದು ಟಿಕೆಟ್ ಇಲ್ಲ ಅಂದೋರು ಒಬ್ಬರೂ ಸಿಕ್ಕಿರ್ಲಿಲ್ಲ ಅಳಿಯಂದಿರೇ. ಸರಿ, ಈಗೇನು ಮಾಡ್ಬೇಕು?

ಅಳಿಯ: ತಪ್ಪು ತಿದ್ದಬೇಕು. ಆಮೇಲೆ ನೂರು ಆಟ ಮೊದಲಿಂದ.

ಅತ್ತೆ: ಹೊರಗಿನೋರನ್ನ ಯಾಕೆ ಕಾಡ್ತೀರಿ? ನೂರೂ ನಾನೇ ಆಡ್ತೀನಿ. ದಿನಕ್ಕೆ ಎರಡು.

ಅಳಿಯ ಮನಸ್ಸಿನಲ್ಲೇ ಭಾಗಿಸಿದ. ಐವತ್ತು ದಿನ. ಬೇಡವೆನ್ನಲು ನೂರು ದಾರಿ ಹುಡುಕಿ, ಕೊನೆಗೆ ಒಂದನ್ನು ಹಿಡಿದ.

ಅಳಿಯ: ಅದು... ಮಾವನವರಿಗೆ ಕಷ್ಟ ಆಗಲ್ವಾ? ಅಷ್ಟು ದಿನ ಒಬ್ಬರೇ...

ಮಗಳು ಆಗಲೇ ಅಪ್ಪನಿಗೆ ಫೋನ್ ಮಾಡಿ ವಿಷಯ ಹೇಳಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಿದ್ದಳು. ಆ ಕಡೆಯಿಂದ ಮಾವನ ದನಿ ಎಂದೂ ಕೇಳದಷ್ಟು ಉಲ್ಲಾಸದಿಂದ ಬಂತು.

ಮಾವ: ನೂರೇ ಸಾಕಾ ಅಳಿಯಂದಿರೇ? ಸಂಶೋಧನೆ ಅಂದ್ಮೇಲೆ ಅವಸರ ಮಾಡ್ಬಾರ್ದು. ಇನ್ನೂರು ಆಡಿಸಿ!