ಜಾತಕದ ಚೀಲದಲ್ಲಿ ಬಾಳೆಮೀನು

1983ರ ಬೇಸಿಗೆಯ ಒಂದು ಭಾನುವಾರ, ಸಂಜೆ ನಾಲ್ಕೂ ಕಾಲಿಗೆ, ನನ್ನ ನಾದಿನಿ ನಳಿನಿಯ ಜಾತಕ ನಾಟ್ರಾಂಪಾಳ್ಯದ ಮೇಷ್ಟ್ರ ಮನೆ ತಲುಪಿತು. ಅದೇ ಚೀಲದಲ್ಲಿ ಒಂದು ಮೀನೂ ತಲುಪಿತು. ಜಾತಕ ಕಳಿಸಿದ್ದು ನನ್ನ ಹೆಂಡತಿ ಸರೋಜ. ಮೀನಿನ ಹೊಣೆ ಪೂರ್ತಿ ನನ್ನದು.

ನಾನಾಗ ಹೊಸೂರಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಬಿಡುವಿನಲ್ಲಿ ಬೆಂಗಳೂರಿನ ಒಂದು ಪತ್ರಿಕೆಗೆ ಬಿಡಿ ಸುದ್ದಿಗಾರ. ನಮ್ಮ ಮನೆಯಲ್ಲೇ ಇದ್ದ ನಳಿನಿಗೆ ಅದಾಗಲೇ ಎರಡು ಸಂಬಂಧ ತಪ್ಪಿದ್ದವು. ಒಂದು ನಕ್ಷತ್ರದಿಂದ, ಇನ್ನೊಂದು ಹುಡುಗನ ಸೋದರತ್ತೆಯಿಂದ. ಈ ಮೂರನೆಯವನು ಮೇಷ್ಟ್ರ ಮಗ, ಕೃಷ್ಣಗಿರಿಯ ಕೋರ್ಟಿನಲ್ಲಿ ಕೆಲಸ. ಯಾರದೋ ಮದುವೆಯಲ್ಲಿ ಅವನನ್ನು ನೋಡಿದ್ದ ನಳಿನಿ, ಯಾರೂ ಕೇಳುವ ಮೊದಲೇ ‘ಆಗಬಹುದು’ ಅಂದುಬಿಟ್ಟಿದ್ದಳು. ಅವಳು ಹಾಗೆ ಅಂದದ್ದು ಅದೇ ಮೊದಲು.

ಸರೋಜ ನನಗೆ ಮೂರು ಸೂಚನೆ ಕೊಟ್ಟಳು. ನೇರ ಮೇಷ್ಟ್ರ ಮನೆಗೆ ಹೋಗಬೇಕು. ನಾಲ್ಕೂವರೆಗೆ ರಾಹುಕಾಲ, ಅದಕ್ಕೆ ಮೊದಲೇ ಜಾತಕ ಕೊಡಬೇಕು. ಚೀಲವನ್ನು ಎಲ್ಲೂ ಕೆಳಗೆ ಇಡಬಾರದು.

“ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಮಾತೇ?” ಎಂದೆ.

“ಸಣ್ಣ ಕೆಲಸ ಅಂತಲೇ ನಿಮಗೆ ಕೊಟ್ಟಿರೋದು” ಎಂದಳು.

ಬೆಳಗಿನ ಬಸ್ಸು ಒಂಬತ್ತೂವರೆಗೇ ನಾಟ್ರಾಂಪಾಳ್ಯಕ್ಕೆ ಇಳಿಸಿತು. ರಾಹುಕಾಲಕ್ಕೆ ಇನ್ನೂ ಏಳು ಗಂಟೆ. ಕಾಡಿನ ಇಳಿಜಾರಿನಲ್ಲಿ ಎರಡು ಗಂಟೆ ನಡೆದರೆ ಕಾವೇರಿ ದಡದಲ್ಲಿ ಮೀನುಗಾರರ ಒಂದು ಹಟ್ಟಿ ಇದೆ, ಬನ್ನೇರುಘಟ್ಟದ ರಾಷ್ಟ್ರೀಯ ಉದ್ಯಾನದ ಕಡೆಯ ಆನೆಗಳೂ ಬೇಸಿಗೆಯಲ್ಲಿ ಅಲ್ಲಿಗೆ ನೀರಿಗೆ ಬರುತ್ತವೆ ಎಂದು ಕೇಳಿದ್ದೆ. ಪತ್ರಿಕೆಗೆ ಒಂದು ಲೇಖನವಾಯಿತು, ಜಾತಕವೂ ತಲುಪಿತು. ಒಂದೇ ಚೀಲ, ಎರಡು ಕೆಲಸ. ಮೊದಲ ಸೂಚನೆ ಅಲ್ಲಿಗೆ ಮುಗಿಯಿತು.

ಹಟ್ಟಿಯಲ್ಲಿ ಹತ್ತು ಹನ್ನೆರಡು ಗುಡಿಸಲು. ದಡದಲ್ಲಿ ಹರಿಗೋಲುಗಳನ್ನು ಬೋರಲು ಹಾಕಿದ್ದರು. ಆನೆ ಇರಲಿಲ್ಲ. ನಾಯಿಯೊಂದು ನನ್ನನ್ನು ನೋಡಿ ಬೊಗಳಬೇಕೆಂದು ಎದ್ದು, ಮನಸ್ಸು ಬದಲಿಸಿ ಮಲಗಿತು. ಅಷ್ಟು ಶಾಂತವಾದ ಊರು. ಮಾದಪ್ಪ ಎಂಬ ಹಿರಿಯರು ನಾಲ್ಕು ಜನರ ಜೊತೆ ನೀರಿನಿಂದ ಬಲೆ ಎಳೆಯುತ್ತಿದ್ದರು. ವರದಿಗಾರನಾದವನು ನಿಂತು ನೋಡಬೇಕು, ಬರೆದುಕೊಳ್ಳಬೇಕು. ನಾನು ಚೀಲವನ್ನು ಬಂಡೆಯ ಮೇಲಿಟ್ಟು ಹಗ್ಗಕ್ಕೆ ಕೈ ಹಾಕಿದೆ. ಮೂರನೆಯ ಸೂಚನೆಯೂ ಮುಗಿಯಿತು.

ಪಾಚಿಯ ಮೇಲೆ ಕಾಲು ಜಾರಿ ಎದೆಮಟ್ಟದ ನೀರಿಗೆ ಹೋದೆ. ಹಗ್ಗ ಮಾತ್ರ ಬಿಡಲಿಲ್ಲ. ಬಿಟ್ಟಿದ್ದರೆ ಮೀನುಗಳ ಜೊತೆ ಸೇರುತ್ತಿದ್ದೆ. ಆ ದಿನ ಅವರು ಎಳೆದು ದಡಕ್ಕೆ ಹಾಕಿದ್ದರಲ್ಲಿ ಅತಿ ಭಾರದ್ದು ನಾನೇ.

ಬಂಡೆಯ ಮರೆಯಲ್ಲಿ ಪ್ಯಾಂಟು ಹಿಂಡಿ, ಹಾಕಿಕೊಂಡು ಬರುವಷ್ಟರಲ್ಲಿ ಮಾದಪ್ಪನವರ ಹೆಂಡತಿ ಮುನಿಯಮ್ಮ ನನ್ನ ಚೀಲಕ್ಕೆ ಏನೋ ತುಂಬಿ ಮುಗಿಸಿದ್ದರು. ನೋಡಿದರೆ ಮುತ್ತುಗದ ಎಲೆಯಲ್ಲಿ ಸುತ್ತಿದ ಮೊಳದುದ್ದದ ಬಾಳೆಮೀನು. ಜಾತಕದ ಹಳದಿ ಬಟ್ಟೆಯ ಗಂಟನ್ನು, ನೆನೆಯದಿರಲಿ ಎಂದು, ಅದರ ಮೇಲೆ ಜೋಪಾನವಾಗಿ ಇಟ್ಟಿದ್ದರು. ನಾವು ಮೀನು ಮುಟ್ಟದವರು. ಮೇಷ್ಟ್ರ ಮನೆಯವರೂ ಅಷ್ಟೇ. ಬೇಡವೆಂದು ಕೈ ಮುಗಿದೆ.

“ಅಗ್ಗ ಇಡ್ದೋರ್ಗೆಲ್ಲಾ ಪಾಲೈತೆ ಸಾಮಿ” ಎಂದರು ಮಾದಪ್ಪ. “ಪಾಲು ಒಲ್ಲೆ ಅಂದ್ರೆ ನಾಳೀಕ್ ಬಲೆ ಬರಿದಾಗ್ತದೆ. ದಾರೀಲೂ ಯಾರ್ಗೂ ಕೊಡ್ಬ್ಯಾಡಿ. ನಿಮ್ ಮನೆ ವಸ್ಲು ಮುಟ್ಬೇಕು.”

ಕಾಡಿನಲ್ಲಿ ಮೀನನ್ನು ಗೌರವದಿಂದ ಒಂದು ಮರದ ಬುಡದಲ್ಲಿ ಬಿಟ್ಟು ಹೋಗುವುದೆಂದು ನಿರ್ಧರಿಸಿ ಹೊರಟೆ. ಮಾದಪ್ಪನವರೂ ದೊಣ್ಣೆ ಹಿಡಿದು ಹೊರಟರು. ಆನೆ ಓಡಾಡುವ ದಾರಿಯಲ್ಲಿ ನೆಂಟರನ್ನು ಒಂಟಿಯಾಗಿ ಕಳಿಸುವ ರೂಢಿ ಹಟ್ಟಿಯಲ್ಲಿ ಇಲ್ಲವಂತೆ. ಮೇಷ್ಟ್ರು ಮಾದಪ್ಪನವರ ಮಗಳಿಗೆ ಅಕ್ಷರ ಕಲಿಸಿದವರಂತೆ. ಮನೆ ಬಾಗಿಲವರೆಗೂ ಬಿಡುವರಂತೆ. ಜಾತಕವನ್ನು ಜೇಬಿಗೆ ಹಾಕೋಣವೆಂದರೆ ಜೇಬು ಇನ್ನೂ ತೊಟ್ಟಿಕ್ಕುತ್ತಿತ್ತು. ಏರುದಾರಿ, ಉರಿಬಿಸಿಲು, ಮೂರು ಗಂಟೆಯ ನಡಿಗೆ. ಎಲೆ ದಪ್ಪವಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ನೊಣ ನಂಬಲಿಲ್ಲ. ಆಮೇಲೆ ಯಾವ ನೊಣವೂ ನಂಬಲಿಲ್ಲ.

ಮೇಷ್ಟ್ರು ಜಗುಲಿಯ ಮೇಲೆ ಪಂಚಾಂಗ ಹಿಡಿದು ಕಾಯುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಮಾದಪ್ಪ ಪರಿಚಯ ಮಾಡಿಸಿದರು.

“ನಿಮ್ ಬೀಗ್ರು ಮೇಷ್ಟ್ರೇ. ಒಳ್ಳೇ ಮನ್ಸ. ನೀರ್ನಾಗ್ ಮುಳುಗ್‌ದ್ರೂ ಬಲೆ ಅಗ್ಗ ಬಿಡ್ನಿಲ್ಲ.”

ಮೇಷ್ಟ್ರು ನನ್ನ ಪ್ಯಾಂಟು ನೋಡಿದರು. ಚೀಲ ನೋಡಿದರು. ಹಳದಿ ಬಟ್ಟೆ ಬಿಚ್ಚಿ, ಜಾತಕವನ್ನು ಕಣ್ಣಿನ ಹತ್ತಿರಕ್ಕೆ ತಂದು, ಕೂಡಲೇ ದೂರ ಹಿಡಿದರು.

“ಸಿಂಹ ರಾಶಿ ಅಂತ ಬರ್ದವ್ರೆ” ಎಂದರು ನಿಧಾನವಾಗಿ. “ವಾಸ್ನೆ ಬ್ಯಾರೆ ರಾಶಿ ಏಳ್ತದೆ.”

ಜಾತಕವನ್ನು ಬಿಸಿಲಿಗೆ ಹರಡಿ ಮೇಲೆ ಕಲ್ಲು ಇಟ್ಟರು. ಚೀಲವನ್ನು ಬೇವಿನ ಕೊಂಬೆಗೆ ನೇತುಹಾಕಿಸಿದರು. ಮಜ್ಜಿಗೆ ಕೊಟ್ಟರು, ಅಂಗಳದಲ್ಲಿ. ನಾನು ಮಜ್ಜಿಗೆ ಕುಡಿದು ಮುಗಿಸುವಷ್ಟರಲ್ಲಿ ಬೇವಿನ ಮರದಲ್ಲಿ ಹನ್ನೊಂದು ಕಾಗೆ ಎಣಿಸಿದೆ. ರಾಹುಕಾಲ ಇನ್ನೂ ಶುರುವಾಗಿರಲಿಲ್ಲ.

ಮಾದಪ್ಪನವರು ಬಸ್ಸು ಹೊರಡುವವರೆಗೂ ನಿಂತಿದ್ದರು. ಹೀಗಾಗಿ ಮೀನು ಹೊಸೂರಿಗೆ ಬಂತು. ಬಸ್ಸಿನಲ್ಲಿ ನನ್ನ ಸೀಟಿನ ಪಕ್ಕ ಯಾರೂ ಕೂರಲಿಲ್ಲ. ಸರೋಜ ಬಾಗಿಲಲ್ಲೇ ತಡೆದಳು. ಚೀಲವನ್ನು ಹೊಸ್ತಿಲಿಗೆ ಒಂದು ಸಲ ಮುಟ್ಟಿಸಿ ಪಕ್ಕದ ಮನೆಯ ಸೆಲ್ವಿಯಕ್ಕನಿಗೆ ಕೊಟ್ಟೆ. ಸರೋಜ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು.

“ನಳಿನಿಗೆ ನೀವು ಹೇಳ್ತೀರೋ, ನಾನು ಹೇಳಲೋ?”

ಇಬ್ಬರೂ ಹೇಳಲಿಲ್ಲ. ಮುಂದಿನ ಭಾನುವಾರ ಸೆಲ್ವಿಯಕ್ಕ ಕಾಂಪೌಂಡಿನಾಚೆಯಿಂದ, ಈ ವಾರ ಯಾರ ಜಾತಕವೂ ಇಲ್ಲವೇ ಎಂದು ವಿಚಾರಿಸಿದರು. ನಳಿನಿ ಅಂಚೆಯವನ ಸೈಕಲ್ ಬೆಲ್ಲಿಗೆ ದಿನಾ ಬಾಗಿಲಿಗೆ ಬಂದು ಹೋಗುತ್ತಿದ್ದಳು. ನಾನು ಆ ಹೊತ್ತಿಗೆ ಹಿತ್ತಲಲ್ಲಿರುತ್ತಿದ್ದೆ.

ಹದಿನಾರನೆಯ ದಿನ ಮೇಷ್ಟ್ರ ಕಾರ್ಡು ಬಂತು. ಎರಡೇ ಸಾಲು. ‘ಜಾತಕ ಕೂಡಿ ಬಂದಿದೆ. ಹುಡುಗಿಯ ಭಾವನವರ ಬಗ್ಗೆ ಮಾತ್ರ ಇನ್ನಷ್ಟು ವಿಚಾರಿಸಬೇಕಾಗಿದೆ.’

ವಿಚಾರಿಸಿದರು. ಯಾರನ್ನು ವಿಚಾರಿಸಿದರೋ ತಿಳಿಯದು. ಮಾದಪ್ಪನವರನ್ನೇ ಇರಬೇಕು, ಬೇರೆ ಯಾರೂ ನನ್ನ ಬಗ್ಗೆ ಅಷ್ಟು ಒಳ್ಳೆಯದು ಹೇಳುವವರಿರಲಿಲ್ಲ. ಶ್ರಾವಣದಲ್ಲಿ ಮದುವೆಯಾಯಿತು. ಮಂಟಪದಲ್ಲಿ ನನಗೆ ಕೊಟ್ಟ ಕೆಲಸ ಚಪ್ಪಲಿ ಕಾಯುವುದು. ಚೀಲ ಹಿಡಿಯುವ ಕೆಲಸವಲ್ಲ. ಮಾದಪ್ಪನವರು ಬಂದು ನನ್ನ ಪಕ್ಕದಲ್ಲೇ ಕೂತರು.

ಆ ಜಾತಕ ಈಗ ಕೃಷ್ಣಗಿರಿಯಲ್ಲಿ ನಳಿನಿಯ ಟ್ರಂಕಿನಲ್ಲಿದೆ. ಹೋದ ತಿಂಗಳು ಅವಳು ಟ್ರಂಕು ತೆಗೆದಾಗ ಪಕ್ಕದ ಮನೆಯ ಬೆಕ್ಕು ಒಳಗೆ ಬಂತು.