ಬೋಳು ಬಂಡೆಗೆ ಚರಗ

ಇವತ್ತು ಬೆಳಗಿನಿಂದ ನಾನು ಮಾಡಿದ ಕೆಲಸಗಳು: ಗೀಜರ್ ಹಾಕಿದೆ, ಹಾಲಿನ ಪಾಕೀಟು ಒಳಗೆ ತಂದೆ, ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚಲು ಹೋಗಿ ಹೆಂಡತಿಯಿಂದ ಬೈಸಿಕೊಂಡೆ, ಐದು ಡಬ್ಬಿಗಳ ಮುಚ್ಚಳ ಬಿಗಿದೆ, ಅವ್ವನಿಗೆ ಸಕ್ಕರೆ ಕಾಯಿಲೆಯ ಗುಳಿಗೆ ಕೊಟ್ಟೆ, ಎಲ್ಲರನ್ನೂ ಗುಡ್ಡ ಹತ್ತಿಸಿದೆ. ಕೊನೆಯ ಎರಡನ್ನು ಈ ಕ್ರಮದಲ್ಲಿ ಮಾಡಬಾರದಿತ್ತು.

ಎಳ್ಳಮಾವಾಸ್ಯೆ ದಿನ ನಮ್ಮ ವಿಜಯಪುರದ ಕಡೆಯವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮೊದಲು ಭೂಮಿತಾಯಿಗೆ ಒಂದಿಷ್ಟು ಚೆಲ್ಲಿ, ಆಮೇಲೆ ತಾವು ಉಣ್ಣುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಅನ್ನುತ್ತೇವೆ. ಪುಣೆಯಲ್ಲಿ ನಮಗೆ ಹೊಲ ಎಲ್ಲಿಂದ ಬರಬೇಕು? ಇಷ್ಟು ವರ್ಷ ಬಿಬವೇವಾಡಿಯ ನಮ್ಮ ಮನೆ ಹಿಂದಿನ ಖಾಲಿ ಜಾಗವನ್ನೇ ಹೊಲ ಅಂದುಕೊಂಡಿದ್ದೆವು. ಈಗ ಅಲ್ಲಿ ಏಳು ಮಹಡಿ ಎದ್ದಿದೆ. ಹಾಗಾಗಿ ಮೊಬೈಲಿನಲ್ಲಿ ಹುಡುಕಿ, ಬೇಲಿಯಿಲ್ಲದ, ವಾಚಮನ್ ಇಲ್ಲದ ಗುಡ್ಡವೊಂದನ್ನು ಆರಿಸಿದೆ. ಬೇಲಿ ಯಾಕಿಲ್ಲ ಅನ್ನೋದು ಮೇಲೆ ಹೋದ ಮೇಲೆ ತಿಳಿಯಿತು. ಕಾಯುವಂಥದ್ದು ಅಲ್ಲಿ ಏನೂ ಇರಲಿಲ್ಲ. ಹಿಡಿ ಮಣ್ಣೂ ಇಲ್ಲದ, ಅಡಿಗೆಮನೆಯ ಗ್ರಾನೈಟ್ ಕಟ್ಟೆಯಂತೆ ಒರೆಸಿಟ್ಟ ಬಂಡೆ. ಆ ಚಳಿಯಲ್ಲಿ ಕೂತರೆ ಥಂಡಿ ನೇರ ಬೆನ್ನುಹುರಿಗೆ ಏರುತ್ತಿತ್ತು.

“ಕಲ್ಲಿನ ಮ್ಯಾಲೆ ಚೆಲ್ಲೂದಿದ್ರ ನಮ್ಮ ಗ್ಯಾಸಿನ ಕಟ್ಟಿ ಏನ್ ಪಾಪ ಮಾಡಿತ್ರಿ?” ಅಂದಳು ಹೆಂಡತಿ ಸುನಂದಾ, ಬುತ್ತಿ ಗಂಟು ಇಳಿಸುತ್ತಾ.

ನನ್ನ ಚಿಂತೆ ಬೇರೆ. “ಅವ್ವಾ, ಮೊದಲ ಒಂದ್ ರೊಟ್ಟಿ ತಿನ್ನು. ಗುಳಿಗಿ ತಗೊಂಡು ತಾಸಿನ ಮ್ಯಾಲಾತು.”

“ಚರಗ ಆಗಲಾರದ ತುತ್ತು ಇಳ್ಯೂದಿಲ್ಲೋ ತಮ್ಮಾ. ಮಣ್ಣು ಹುಡುಕು.”

ಅವ್ವನ ಬೆರಳುಗಳು ನಡುಗುತ್ತಿದ್ದವು. ಚಳಿಗೋ, ಸಕ್ಕರೆ ಇಳಿದದ್ದಕ್ಕೋ ತಿಳಿಯಲಿಲ್ಲ. ಸುನಂದಾ ಪೆಪ್ಪರಮಿಂಟು ಚಾಚಿದರೆ ಅವ್ವ ಮುಖ ತಿರುವಿದಳು. ನಾನು ಗಡಬಡಿಸಿ ಅನ್ನ, ಕಾಳು-ಸೊಪ್ಪಿನ ಭಜ್ಜಿಪಲ್ಯ ಮುಷ್ಟಿ ತುಂಬ ತೆಗೆದು ಬಂಡೆಯ ಮೇಲೇ ಚೆಲ್ಲಿಬಿಟ್ಟೆ.

“ಕಾಕಾ, ಇಥೆ ಕಚರಾ ಟಾಕೂ ನಕಾ!”

ತಿರುಗಿ ನೋಡಿದರೆ, ಗುಡ್ಡದ ಕಸ ಹೆಕ್ಕುತ್ತ ಬಂದಿದ್ದ ಮರಾಠಿ ಹೆಂಗಸೊಬ್ಬರು, ಕೈಯಲ್ಲಿ ಚೀಲ. ಇದು ಕಸವಲ್ಲ, ಭೂಮಿಯ ಊಟ, ಮಣ್ಣಿಗೆ ಉಣಿಸದೆ ಅವ್ವ ಉಣ್ಣುವುದಿಲ್ಲ ಎಂದು ನನ್ನ ಮರಾಠಿಯಲ್ಲಿ ಹೇಳಿದೆ. ಅವರು ಬಂಡೆಯನ್ನು ನೋಡಿದರು, ನನ್ನನ್ನು ನೋಡಿದರು. ಭೋಸರಿಯ ಕಾರ್ಖಾನೆಯಲ್ಲಿ ತಯಾರಾದ ಮಾಲು ಪರೀಕ್ಷೆ ಮಾಡುವವನು ನಾನು. ಆ ನೋಟ ನನಗೆ ಗೊತ್ತು. ರಿಜೆಕ್ಟ್ ಮಾಡುವ ಮೊದಲು ನಾನೂ ಹಾಗೇ ನೋಡುತ್ತೇನೆ.

ಆದರೆ ಅವ್ವನ ಕೈ ನಡುಗುವುದು ಕಂಡದ್ದೇ ಅವರ ದನಿ ಬದಲಾಯಿತು. “ಯಾ ಆಜಿ”, ಬನ್ನಿ ಅಜ್ಜಿ, ಎಂದು ಅವ್ವನ ಕೈಹಿಡಿದು ಹತ್ತು ಹೆಜ್ಜೆ ಕರೆದೊಯ್ದರು. ಅಲ್ಲೊಂದು ಬಿರುಕು. ಅದರೊಳಗೆ ಗೇಣುದ್ದ ಮಣ್ಣು, ನಾಲ್ಕು ಎಳೆ ಒಣಹುಲ್ಲು.

“ಇಷ್ಟ ಮಣ್ಣಾಗ ನಿಂತದಲ್ಲ! ಇದಕ್ಕ ಹಸಿವು ಭಾಳ” ಎಂದು ಅವ್ವ ಎಲ್ಲ ಡಬ್ಬಿಗಳಿಂದಲೂ ಚಿಟಿಕೆ ಚಿಟಿಕೆ ಅದಕ್ಕೆ ಉಣಿಸಿ, ಆ ಹೆಂಗಸಿನ ಕೈಗೊಂದು ಸಿಹಿ ಕಡುಬು ಕೊಟ್ಟು, ಆಮೇಲೆ ತಾನೊಂದು ಬಾಯಿಗಿಟ್ಟಳು. ಎರಡನೆಯ ಕಡುಬಿಗೆ ನಡುಕ ನಿಂತಿತು. ನಾನು ಮಾತ್ರ ಆ ಹೆಂಗಸಿನ ಕಣ್ಣೆದುರು, ಚೆಲ್ಲಿದ ಅನ್ನವನ್ನು ಒಂದೊಂದೇ ಅಗುಳು ಹೆಕ್ಕುತ್ತಿದ್ದೆ.

ಮನೆಗೆ ಬಂದು ಮಧ್ಯಾಹ್ನ ಉಳಿದ ರೊಟ್ಟಿ, ಭಜ್ಜಿಪಲ್ಯ, ಮೊಸರನ್ನ ಉಂಡೆವು. ವಯಸ್ಸಾದವಳು, ಗುಡ್ಡ ಹತ್ತಿ ದಣಿದಿದ್ದಳು, ಅವ್ವನೇ ಮೊದಲು ನಿದ್ದೆಹೋದಳು ಎಂದು ಈ ದಿನಚರಿಯಲ್ಲಿ ಬರೆದು ಅವ್ವನಿಗೇ ಓದಿ ಹೇಳಿದೆ.

“ಸುಳ್ಳ ಬರೀಬ್ಯಾಡ. ಕೈಯಾಗ ಮೊಸರನ್ನದ ಬಟ್ಟಲಾ ಹಿಡಕೊಂಡು ಗೊರಕಿ ಹೊಡ್ಯಾಕತ್ತಿದ್ದವ ನೀ. ಅದನ್ನ ತಗದಿಟ್ಟು ಚಾದರ ಹೊಚ್ಚಿದಾಕಿ ನಾನು” ಅಂದಳು.