ಅವ್ವನ ಕಿವಿಗೊಂದು ಫಿಲ್ಟರು

ಐವತ್ತರ ಹೊತ್ತಿಗೆ ಗಂಡಸರಿಗೆ ಏನಾದರೊಂದು ಹಿಡಿಯುತ್ತದೆ. ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ಯೋಗಾಸನ, ಇನ್ನು ಕೆಲವರಿಗೆ ದಿನಾ ಬೆಳಗ್ಗೆ ಊರಿಗೆಲ್ಲ ಗುಲಾಬಿ ಹೂವಿನ ಚಿತ್ರ ಕಳಿಸುವ ಚಟ. ನನಗೆ ಸಿಂಥಸೈಜರ್ ಹಿಡಿಯಿತು. ಶಲವಡಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಸಂಜೆ ಬಸ್ಸಿಗೆ ಅಣ್ಣಿಗೇರಿಗೆ ಮರಳುವ ಮನುಷ್ಯನಿಗೆ ಇದೆಲ್ಲಿಂದ ಅಂಟಿಕೊಂಡಿತು ಎಂದು ನನ್ನ ಹೆಂಡತಿ ಅನ್ನಪೂರ್ಣಾ ಬಂದವರ ಮುಂದೆಲ್ಲ ವಿಚಾರ ಮಾಡುತ್ತಾಳೆ. ಸಿಂಥಸೈಜರ್ ಎಂದರೆ ಕರೆಂಟಿನಿಂದ ನಾದ ಹುಟ್ಟಿಸುವ ವಾದ್ಯ. ನನ್ನದರಲ್ಲಿ ಹಾರ್ಮೋನಿಯಂನಂತೆ ಒತ್ತುವ ಪಟ್ಟಿಗಳಿಲ್ಲ. ರೇಡಿಯೋದಲ್ಲಿರುವಂಥ ತಿರುಗಣಿಗಳ ಬಿಡಿಬಿಡಿ ಡಬ್ಬಿಗಳು, ಅವನ್ನು ಒಂದಕ್ಕೊಂದು ಜೋಡಿಸುವ ಬಣ್ಣಬಣ್ಣದ ವೈರುಗಳು, ಇಷ್ಟೇ. ಅನ್ನಪೂರ್ಣಾ ಅದನ್ನು ಮೀಟರ್ ಬೋರ್ಡು ಎನ್ನುತ್ತಾಳೆ.

ಆ ಡಬ್ಬಿಗಳಲ್ಲಿ ನನಗೆ ಅಗದಿ ಪ್ರೀತಿಯದು ಫಿಲ್ಟರು. ಅದರ ಕೆಲಸ ಜರಡಿಯದು. ಹೀಗೆ ಇಟ್ಟರೆ ದಪ್ಪ ದನಿ ಮಾತ್ರ ಹಾಯುತ್ತದೆ, ಹಾಗೆ ಇಟ್ಟರೆ ಸಣ್ಣ ದನಿ ಮಾತ್ರ. ಆದರೆ ಅದರಿಂದ ಅದರದಲ್ಲದ ಕೆಲಸ ಮಾಡಿಸುವುದರಲ್ಲೇ ಮಜಾ ಇರುವುದು. ಒಂದು ತಿರುಗಣಿಯನ್ನು ಪೂರ್ತಿ ತಿರುವಿದರೆ, ಒಳಗೆ ಯಾವ ಸ್ವರ ಬಿಡದಿದ್ದರೂ ಅದು ತಾನೇ ಸಿಳ್ಳೆ ಹಾಕುತ್ತದೆ. ಸಿಳ್ಳೆ ಶುರುವಾಗುವ ತುಸು ಮೊದಲೇ ನಿಲ್ಲಿಸಿ ಕರೆಂಟಿನ ಸಣ್ಣ ಪೆಟ್ಟು ಕೊಟ್ಟರೆ ತಬಲಾದಂತೆ ಡುಂ ಎನ್ನುತ್ತದೆ. ಸ್ಟೇಶನ್ ಸಿಗದ ರೇಡಿಯೋದ ಸುಯ್ ಶಬ್ದವನ್ನು ಹಾಯಿಸಿ ತಿರುವಿದರೆ ಗಾಳಿ, ಮಳೆ. ಶಾಲೆಯ ನಾಟಕದಲ್ಲಿ ನಾನು ಹೀಗೆ ಮಳೆ ಸುರಿಸಿದಾಗ ಹೆಡ್‌ಮಾಸ್ಟರರು ಎದ್ದು ಹೋಗಿ ತಮ್ಮ ಗಾಡಿಯ ಸೀಟಿಗೆ ಪ್ಲಾಸ್ಟಿಕ್ ಹೊದಿಸಿ ಬಂದರು. ನನ್ನ ಸಂಗೀತ ಜೀವನಕ್ಕೆ ಸಂದ ಸನ್ಮಾನ ಅದೊಂದೇ.

ಇನ್ನು ನಮ್ಮವ್ವ ಗೌರವ್ವನ ವಿಷಯ. ಎಪ್ಪತ್ತು ದಾಟಿದ್ದಾಳೆ, ಕಿವಿ ಮಂದ. ಆದರೆ ಈಗಿನ ಮಂದಿ ಬಾಯಿ ಬಿಟ್ಟು ಮಾತಾಡುವುದಿಲ್ಲ ಎನ್ನುವುದು ಅವಳ ವಾದ. ನನ್ನ ತಮ್ಮ ತಂದುಕೊಟ್ಟ ಕಿವಿಯಂತ್ರದಲ್ಲಿ ಮಾತಿಗಿಂತ ಬೋಗುಣಿ ಸಪ್ಪಳವೇ ಜೋರಾಗಿ ಕೇಳುತ್ತದೆಂದು ಅದನ್ನು ಅರಿವೆಯಲ್ಲಿ ಸುತ್ತಿ ಟ್ರಂಕಿಗೆ ಸೇರಿಸಿದ್ದಳು. ಕೇಳದ ಮಾತಿಗೆ ಎದುರಿನವರ ಮುಖ ನೋಡಿ ಅಂದಾಜಿನ ಮೇಲೆ ಉತ್ತರ ಕೊಡುತ್ತಿದ್ದಳು.

ಈ ಅಂದಾಜು ಒಂದು ದಿನ ಕೈಕೊಟ್ಟಿತು. ಬಾಜೂ ಮನೆಯ ಹಸೀನಾಬಿ ಅವಳ ಗೆಳತಿ. ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದಲೂ ಇಬ್ಬರೂ ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ಮಾತಾಡಿದವರು. ಹಸೀನಾಬಿ ಬಂದು ಮೊಮ್ಮಗಳು ಸಲ್ಮಾಳ ಲಗ್ನ ಗೊತ್ತಾಯಿತೆಂದು ಹೇಳಿದಳು. ಸಂತೋಷಕ್ಕೆ ಅವಳ ಕಣ್ಣು ತುಂಬಿದ್ದವು. ಅವ್ವನಿಗೆ ಕಂಡದ್ದು ಆ ಕಣ್ಣೀರು ಮಾತ್ರ.

“ಹೋಗ್ಲಿ ಬಿಡವಾ,” ಎಂದು ಅವ್ವ ಅವಳ ಬೆನ್ನು ಸವರಿದಳು. “ಯಾರ ಕೈಯಾಗೂ ಇಲ್ಲ ಅದು. ಬಹಳ ನರಳಲಿಲ್ಲಲ್ಲ, ಅಷ್ಟ ಪುಣ್ಯ.”

ಹಸೀನಾಬಿ ಎದ್ದು ಹೋದಳು. ನಾನು ಹಿಂದೆಯೇ ಹೋಗಿ ಕಿವಿಯ ಸಂಗತಿ ತಿಳಿಸಿ ಹೇಳಿದೆ. ತನಗೂ ಗೊತ್ತಿದೆ, ಆದರೂ ಕೂಸಿನ ಲಗ್ನದ ಸುದ್ದಿಗೆ ಅಂಥ ಮಾತು ಬಂತಲ್ಲ, ಮನಸ್ಸು ಕೇಳುತ್ತಿಲ್ಲ ಎಂದಳು. ತಾನು ಅಂದದ್ದೇನೆಂದು ಆಮೇಲೆ ನಮ್ಮಿಂದ ತಿಳಿದ ಅವ್ವ ಕಟ್ಟೆಗೆ ಹೋಗುವುದನ್ನೇ ಬಿಟ್ಟಳು. ಯಾರಾದರೂ ಬಂದರೆ ಒಳಗೆ ಸರಿಯುವಳು. ಸದಾ ಏನಾದರೊಂದು ಹೇಳುತ್ತಿದ್ದ ಬಾಯಿ ಮುಚ್ಚಿದ್ದರಿಂದ ನನಗೆ ಮನೆಯೇ ಅರ್ಧ ಖಾಲಿಯಾದಂತೆ ಕಾಣುತ್ತಿತ್ತು.

ಒಂದು ರವಿವಾರ ಫಿಲ್ಟರಿನ ಮುಂದೆ ಕೂತಾಗ ತಲೆಗೆ ಹೊಳೆಯಿತು. ವಯಸ್ಸಾದವರಿಗೆ ಮೊದಲು ಕೈಬಿಡುವುದು ಸಣ್ಣ ದನಿಗಳು: ಸ, ಚ, ಟ ಇಂಥವು. ದಪ್ಪ ದನಿಗಳು ಉಳಿದಿರುತ್ತವೆ. ಅಂದರೆ ಅವ್ವನಿಗೆ ಫ್ಯಾನಿನ, ಫ್ರಿಜ್ಜಿನ ಗೊರಗೊರ ಚೆನ್ನಾಗಿಯೇ ಕೇಳುತ್ತದೆ, ಮಾತಿನ ಅಂಚು ಮಾತ್ರ ಸವೆದುಹೋಗಿರುತ್ತದೆ. ಮನೆಗೆ ತಂದಿಟ್ಟಿದ್ದ ಶಾಲೆಯ ಮೈಕಿನ ವೈರನ್ನು ಫಿಲ್ಟರಿಗೆ ಸಿಕ್ಕಿಸಿ, ಗೊರಗೊರವನ್ನು ಸೋಸಿ ತೆಗೆದು, ಸಣ್ಣ ದನಿಗಳನ್ನು ಎತ್ತಿ ಹಿಡಿದು, ಅವ್ವನ ತಲೆಗೆ ಹೆಡ್‌ಫೋನ್ ಏರಿಸಿದೆ. ಶಾಕ್ ಹೊಡೆಯುವುದಿಲ್ಲ ತಾನೆ ಎಂದು ಕೇಳಿ ಖಾತ್ರಿ ಮಾಡಿಕೊಂಡಳು. ಪಡಸಾಲೆಯ ಆ ಕೊನೆಗೆ ಕೂತ ಅನ್ನಪೂರ್ಣಾ ಮೈಕಿನಲ್ಲಿ ಎಂದಿನ ದನಿಯಲ್ಲೇ ಕೇಳಿದಳು.

“ಅತ್ತೀ, ಚಹಾಕ್ಕ ಸಕ್ರಿ ಹಾಕ್ಲೇನ್ರಿ?”

ಅವ್ವ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದಳು. ನಾನು ಇನ್ನಷ್ಟು ತಿರುವಬೇಕೇನೋ ಎಂದುಕೊಳ್ಳುತ್ತಿದ್ದೆ.

“ಸಕ್ರಿ,” ಎಂದಳು. ಮತ್ತೊಮ್ಮೆ ತನ್ನಷ್ಟಕ್ಕೆ, “ಸಕ್ರಿ. ಲೇ ಶಿವೂ, ಹಸೀನಾನ್ನ ಕರಿ.”

ಹಸೀನಾಬಿ ಸೆರಗು ಬಿಗಿ ಮಾಡಿಕೊಂಡೇ ಬಂದಳು. ಕೈಗೆ ಮೈಕು ಕೊಟ್ಟರೆ, ರೇಡಿಯೋದಲ್ಲಿ ಸುದ್ದಿ ಓದುವವರ ಹಾಗೆ ನೆಟ್ಟಗೆ ಕೂತಳು. ಅವತ್ತು ಹೇಳಿದ್ದನ್ನು ಇನ್ನೊಮ್ಮೆ ಹೇಳು ಎಂದು ಅವ್ವ ಕೇಳಿಕೊಂಡಳು.

“ನಮ್ಮ ಸಲ್ಮಾಳ ಲಗ್ನ ಗೊತ್ತಾಗೇತಿ, ಗೌರಕ್ಕಾ.”

“ಛಲೋ ಆತವಾ,” ಎಂದು ಅವ್ವ ಅವಳ ಎರಡೂ ಕೈ ಹಿಡಿದುಕೊಂಡಳು. “ಹುಡುಗ ಯಾವೂರಾಂವ?”

ಹುಡುಗ ಮಿಶ್ರಿಕೋಟಿಯವನು. ಅಲ್ಲಿಂದ ಮಾತು ಹುಡುಗನ ಸೋದರತ್ತೆಯ ಸ್ವಭಾವಕ್ಕೆ ಹೊರಳಿತು. ನಾನು ತಿರುಗಣಿ ಹಿಡಿದು ನಿಂತೇ ಇದ್ದೆ. ಹೆಂಗಸರು ಮಾತಾಡುವಲ್ಲಿ ನಿನಗೇನು ಕೆಲಸ ಎಂದು ಇಬ್ಬರೂ ಸೇರಿ ನನ್ನನ್ನು ಹೊರಗೆ ಕಳಿಸಿದರು.

ಮೀಟರ್ ಬೋರ್ಡು ಹೊತ್ತು ದಿನಾ ಕಟ್ಟೆಗೆ ಹೋಗಲಾದೀತೆ? ಹುಬ್ಬಳ್ಳಿಯ ಕಿವಿ ಡಾಕ್ಟರರ ಹತ್ತಿರ ಹೋಗೂಣು ಎಂದು ಈ ಸಲ ಅವ್ವನೇ ಹೊರಟಳು. ಅವರು ಪರೀಕ್ಷೆ ಮಾಡಿ, ಟ್ರಂಕಿನ ಯಂತ್ರವನ್ನು ಅವಳ ಕಿವಿಗೆ ತಕ್ಕಂತೆ ಯಾರೂ ಹೊಂದಿಸಿಯೇ ಇರಲಿಲ್ಲ ಎಂದರು. ಹೊಂದಿಸಿ ಕೊಟ್ಟ ಮೇಲೆ, ನನ್ನ ದೊಡ್ಡ ಡಬ್ಬಿ ಮಾಡಿದ ಕೆಲಸವನ್ನು ಆ ಕಡಲೆಯಷ್ಟು ಯಂತ್ರ ಇನ್ನೂ ಚೆನ್ನಾಗಿ ಮಾಡಿತು. ಈಗ ಸಂಜೆ ಕಟ್ಟೆಯ ಮೇಲೆ ಸಲ್ಮಾಳ ಲಗ್ನದ ಅಡಿಗೆಯ ಚರ್ಚೆ ಜೋರಾಗಿ ನಡೆದಿದೆ.

ಮೊನ್ನೆ ಊಟಕ್ಕೆ ಕೂತಿದ್ದೆವು. ಅವ್ವ ಕೈ ತಡೆದು ನನ್ನನ್ನೇ ಬಹಳ ಹೊತ್ತು ನೋಡಿದಳು.

“ಅನ್ನಪೂರ್ಣಾ, ಇಂವ ರೊಟ್ಟಿ ತಿನ್ನೂವಾಗ ಹಿಂಗ ಸಪ್ಪಳ ಮಾಡ್ತಾನಲ್ಲ, ಮೊದಲಿಂದನೂ ಹಿಂಗನ?”

“ಮೊದಲಿಂದನೂ ರೀ ಅತ್ತಿ. ನಿಮಗ ಕೇಳಸ್ತಿದ್ದಿಲ್ಲ, ಅಷ್ಟ.”

ಇಷ್ಟು ವರ್ಷ ಹೇಗೆ ತಡೆದುಕೊಂಡಿಯೋ ಎಂಬಂತೆ ಅವ್ವ ಸೊಸೆಯ ಕಡೆ ಕನಿಕರದಿಂದ ನೋಡಿದಳು. ಅಂದಿನಿಂದ ನಾನು ಖಡಕ್ ರೊಟ್ಟಿಯನ್ನು ಬೇಳೆಯ ಸಾರಿನಲ್ಲಿ ಮುಳುಗಿಸಿಟ್ಟು, ಪೂರ್ತಿ ಮೆತ್ತಗಾಗುವವರೆಗೆ ಕೈಕಟ್ಟಿ ಕೂತಿರುತ್ತೇನೆ.